ಮೋಶಿಯಲ್ಲಿ ಒಂದು ಬೀಳ್ಕೊಡುಗೆ: ಪ್ರಕರಣ ಅಧ್ಯಯನ

ಟಾಂಜಾನಿಯಾದ ಮೋಶಿ ಪಟ್ಟಣದ ಹೊರಗೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಅಮೆರಿಕದಿಂದ ಅಭ್ಯಾಸ ಪಾಠಕ್ಕೆ ಹೋಗಿದ್ದ ಹುಡುಗಿಗೆ ಅಲ್ಲಿ ಬೀಳ್ಕೊಡುಗೆ ಸಭೆ ಏರ್ಪಾಡಾಗಿತ್ತು. ಮಕ್ಕಳು ಹಾಡಿದರು, ಟೀಚರುಗಳು ಕುಣಿದರು. ಅವಳ ಹೆಗಲಿಗೆ ಕಾಂಗಾ ಬಟ್ಟೆ ಹೊದಿಸಿದರು. ಆಮೇಲೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕಾಗದವೊಂದನ್ನು ಓದಿದಳು. ಮೊದಲರ್ಧ ಪೂರಾ ಹೊಗಳಿಕೆ. ಉಳಿದರ್ಧ ಹೀಗಿತ್ತು: ಶಾಲೆಯಲ್ಲಿ ಡೆಸ್ಕು ಸಾಲುತ್ತಿಲ್ಲ, ಶೌಚಾಲಯ ಸಾಲುತ್ತಿಲ್ಲ, ಪ್ರಶ್ನೆಪತ್ರಿಕೆ ತೆಗೆಯಲು ಜೆರಾಕ್ಸ್ ಮೆಷಿನ್ ಇಲ್ಲ, ನಮ್ಮ ಪ್ರೀತಿಯ ಅತಿಥಿಗಳು ದಯವಿಟ್ಟು ಇದನ್ನು ಗಮನಿಸಬೇಕು.

ಅತಿಥಿಯ ವಯಸ್ಸು 22. ಸಾಲ ಮಾಡಿ ಓದುತ್ತಿರುವವಳು. ಇಡೀ ಶಾಲೆ ಅವಳ ಮುಖ ನೋಡುತ್ತ ಕುಳಿತಿತ್ತು. ಈಗ ಅವಳು ಉತ್ತರ ಕೊಡಬೇಕು.

ನಾನು ಅಮೆರಿಕದ ಒಂದು ಶಿಕ್ಷಕರ ತರಬೇತಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೊರದೇಶದ ಶಾಲೆಗಳಿಗೆ ಹೋಗುವ ವಿದ್ಯಾರ್ಥಿಗಳ ಉಸ್ತುವಾರಿ ನನ್ನದು. ಸಭೆ ನಡೆದಾಗ ನಾನು ಅಲ್ಲಿರಲಿಲ್ಲ. ವಿದ್ಯಾರ್ಥಿನಿಯ ವಾರದ ವರದಿಗಳು, ಅವಳಿಗೆ ಮಾರ್ಗದರ್ಶನ ಮಾಡಿದ ಅಲ್ಲಿನ ಮೆಂಟರ್ ಟೀಚರ್ ಬರೆದ ಟಿಪ್ಪಣಿ, ಸಭೆಯ ವಿಡಿಯೊ, ಆಗಾಗ ಮಾಡಿದ ಫೋನುಗಳು, ಇಷ್ಟನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಹೆಸರುಗಳು ಬೇಡ.

ಹಿನ್ನೆಲೆ

ನಮ್ಮ ಕಡೆ ಬಿ.ಎಡ್. ಓದುವವರು ಇಂಟರ್ನ್‌ಶಿಪ್‌ಗೆ ಹೋಗುತ್ತಾರಲ್ಲ, ಅಮೆರಿಕದಲ್ಲೂ ಹಾಗೆಯೇ. ಮೊದಲು ತಮ್ಮ ರಾಜ್ಯದ ಶಾಲೆಯೊಂದರಲ್ಲಿ ಪಾಠ ಮಾಡಬೇಕು. ಟೀಚರ್ ಲೈಸೆನ್ಸಿಗೆ ಬೇಕಾದಷ್ಟು ಅಲ್ಲಿ ಮುಗಿಸಿದ ಮೇಲೆ, ಇಷ್ಟ ಇದ್ದವರು ಕೊನೆಯ ಎಂಟು ವಾರ ಬೇರೆ ದೇಶಕ್ಕೆ ಹೋಗಬಹುದು. ಇಂಡಿಯಾನಾ ವಿಶ್ವವಿದ್ಯಾಲಯ 1970ರ ದಶಕದಲ್ಲೇ ಇಂಥ ಏರ್ಪಾಡು ಶುರು ಮಾಡಿತ್ತು. ಈಗ ಇನ್ನೂ ಎಷ್ಟೋ ಕಡೆ ಇದೆ.

ಮೋಶಿ ಇರುವುದು ಕಿಲಿಮಂಜಾರೊ ಬೆಟ್ಟದ ಬುಡದಲ್ಲಿ. 5,895 ಮೀಟರ್ ಎತ್ತರದ ಆ ಬೆಟ್ಟ ಹತ್ತಲು ಪ್ರಪಂಚದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಹತ್ತುವವರ ಜೊತೆಗೆ ಶಾಲೆಗಳಲ್ಲಿ, ಅನಾಥಾಲಯಗಳಲ್ಲಿ ಸೇವೆ ಮಾಡುತ್ತೇವೆ ಅಂತ ಬರುವವರೂ ಜಾಸ್ತಿ. ಎರಡು ವಾರ ಇರುತ್ತಾರೆ, ಒಂದು ತಿಂಗಳು ಇರುತ್ತಾರೆ, ಹೋಗುತ್ತಾರೆ. ಹಾಗಾಗಿ ಅಲ್ಲಿನ ಮಕ್ಕಳಿಗೆ ಬಂದವರನ್ನು ಕಳಿಸಿಕೊಡುವುದು ಅಭ್ಯಾಸವಾಗಿದೆ. ಹೋಗುವವರಿಗೇ ಪ್ರತಿ ಸಲವೂ ಅದು ಮೊದಲನೆಯದು.

ವಿದ್ಯಾರ್ಥಿನಿಗೆ ಕೊಟ್ಟದ್ದು ನಾಲ್ಕನೇ ತರಗತಿ, ಇಂಗ್ಲಿಷ್ ಪಾಠ. ತರಗತಿಯಲ್ಲಿ ಎಂಬತ್ತಕ್ಕೂ ಜಾಸ್ತಿ ಮಕ್ಕಳು. ಒಂದೊಂದು ಡೆಸ್ಕಿನಲ್ಲಿ ಮೂವರು, ಕೆಲವದರಲ್ಲಿ ನಾಲ್ವರು. 2016ರ ಜನವರಿಯಿಂದ ಟಾಂಜಾನಿಯಾ ಸರ್ಕಾರ ಪ್ರಾಥಮಿಕದಿಂದ ನಾಲ್ಕನೇ ಫಾರ್ಮ್‌ವರೆಗೆ, ಹೆಚ್ಚುಕಡಿಮೆ ನಮ್ಮ ಹೈಸ್ಕೂಲಿನ ಮಟ್ಟದವರೆಗೆ, ಶುಲ್ಕ ತೆಗೆದುಹಾಕಿತು. ಒಳ್ಳೆಯ ಕೆಲಸವೇ. ಮಕ್ಕಳು ದಂಡಿಯಾಗಿ ಬಂದರು. ಕೋಣೆಗಳು ಅಷ್ಟು ಬೇಗ ಏಳಲಿಲ್ಲ.

ಇಂಗ್ಲಿಷ್ ಪಾಠಕ್ಕೆ ಅಲ್ಲಿ ಬೇರೆಯದೇ ತೂಕ ಇದೆ. ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಎಲ್ಲ ವಿಷಯ ಸ್ವಾಹಿಲಿಯಲ್ಲಿ. ಸೆಕೆಂಡರಿಗೆ ಕಾಲಿಟ್ಟ ಕೂಡಲೇ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸ್ ಸೇರಿದವರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಇಂಗ್ಲಿಷ್ ಚೆನ್ನಾಗಿ ಬರುವ ಟೀಚರ್ ಸಿಕ್ಕರೆ ಮಕ್ಕಳಿಗಷ್ಟೇ ಅಲ್ಲ, ತಂದೆತಾಯಂದಿರಿಗೂ ಖುಷಿ. ಅವಳು ಹೊರಡುತ್ತಾಳೆ ಅಂದರೆ ಬೇಜಾರಾಗುವುದಕ್ಕೆ ಪ್ರೀತಿ ಒಂದೇ ಕಾರಣವಲ್ಲ.

ಅವಳು ಹೋದದ್ದು ಮಳೆಗಾಲದಲ್ಲಿ. ಮಾರ್ಚಿನಿಂದ ಮೇವರೆಗೆ ಅಲ್ಲಿ ಮಾಸಿಕಾ, ದೊಡ್ಡ ಮಳೆ. ಶಾಲೆಗೆ ತಗಡಿನ ಸೂರು. ಮಳೆ ಜೋರಾದರೆ ಪಾಠ ಮಾಡುವವರ ದನಿ ಮೊದಲ ಸಾಲಿಗೂ ಕೇಳುವುದಿಲ್ಲ. ಆಗ ಮೆಂಟರ್ ಟೀಚರ್ ಬೋರ್ಡಿನ ಮೇಲೆ ಬರೆಯುತ್ತಿದ್ದರು, ಮಕ್ಕಳು ಕಾಪಿ ಮಾಡಿಕೊಳ್ಳುತ್ತಿದ್ದರು. ನಮ್ಮ ಹುಡುಗಿ ಆಟ ಕಂಡುಹಿಡಿದಳು. ಮನಿಲಾ ಹಾಳೆಯ ಮೇಲೆ ದೊಡ್ಡ ಚಿತ್ರ ಬರೆದು, ಸದ್ದಿಲ್ಲದೆ ಅಭಿನಯ ಮಾಡಿ ತೋರಿಸುವುದು, ಮಕ್ಕಳು ಪದವನ್ನು ಸ್ಲೇಟಿನಂತೆ ಹಿಡಿದ ರಟ್ಟಿನ ಮೇಲೆ ಬರೆದು ಎತ್ತುವುದು. ಮಳೆ ಬರಲಿ ಅಂತ ಮಕ್ಕಳು ಕಾಯುವ ಹಾಗಾಯಿತು. ಮೆಂಟರ್ ಟೀಚರ್ ಇದನ್ನು ಟಿಪ್ಪಣಿಯಲ್ಲಿ ಬರೆದಿದ್ದಾರೆ, ಸ್ವಲ್ಪ ತಮಾಷೆಯಾಗಿ, ಸ್ವಲ್ಪ ಹುಳ್ಳಗೆ.

ಕೊನೆಯ ಎರಡು ವಾರ

ಅಭ್ಯಾಸ ಪಾಠಕ್ಕೆ ಒಂದು ಕ್ರಮ ಇದೆ. ಬಂದವರು ಮೊದಲು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು. ಆಮೇಲೆ ಒಂದೊಂದೇ ಪೀರಿಯಡ್ ತೆಗೆದುಕೊಂಡು ನಡುವಿನ ವಾರಗಳಲ್ಲಿ ಪೂರ್ತಿ ಹೊಣೆ ಹೊರಬೇಕು. ಕೊನೆಗೆ ಮತ್ತೆ ಒಂದೊಂದೇ ಪೀರಿಯಡ್ ವಾಪಸ್ ಕೊಟ್ಟು ಹಿಂದಿನ ಬೆಂಚಿಗೆ ಹೋಗಬೇಕು. ಮೊದಲೆರಡನ್ನು ಎಲ್ಲರೂ ಸರಿಯಾಗಿ ಮಾಡುತ್ತಾರೆ. ಮೂರನೆಯದನ್ನು, ಅದರಲ್ಲೂ ಹೊರದೇಶಕ್ಕೆ ಹೋದವರು, ಮಾಡುವುದೇ ಇಲ್ಲ. ಇರುವ ದಿನಗಳೇ ಕಡಿಮೆ, ಕೊನೆಯ ಗಂಟೆವರೆಗೂ ಪಾಠ ಮಾಡಿಬಿಡೋಣ ಅನ್ನುವ ಆಸೆ. ನಮ್ಮ ಹುಡುಗಿಯ ಪ್ಲಾನೂ ಹಾಗೇ ಇತ್ತು. ಕೊನೆಯ ದಿನ ತರಗತಿಯಲ್ಲಿ ಪಾರ್ಟಿ. ಬಲೂನು, ಸಿಹಿ, ಪ್ರತಿ ಮಗುವಿನ ಹೆಸರು ಬರೆದ ಒಂದೊಂದು ಪೆನ್ಸಿಲು.

ಮೆಂಟರ್ ಟೀಚರ್ ಬೇಡ ಅಂದರು. ಇಪ್ಪತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದವರು, ಹೆಚ್ಚು ಮಾತಿನವರಲ್ಲ. ಅವರು ಹೇಳಿದ್ದನ್ನು ಹುಡುಗಿ ವರದಿಯಲ್ಲಿ ಹಾಗೇ ಬರೆದಿದ್ದಳು: "ನೀನು ಶುಕ್ರವಾರ ಹಬ್ಬ ಮಾಡಿ ಹೋಗ್ತೀಯ. ಸೋಮವಾರ ಇದೇ ಮಕ್ಕಳ ಮುಂದೆ ನಾನು ನಿಲ್ಲಬೇಕು."

ಅವರ ತಕರಾರು ಮೂರು ಇದ್ದವು. ಮೇ ಕೊನೆಗೆ ಟರ್ಮ್ ಪರೀಕ್ಷೆ. ಜೂನ್ ರಜೆಗೆ ಮೊದಲು ಅದು ಮುಗಿಯಬೇಕು, ಪಾರ್ಟಿಗೆ ಕೊಡಲು ಪೀರಿಯಡ್ ಇಲ್ಲ. ಎರಡನೆಯದು, ಒಂದೇ ತರಗತಿಗೆ ಪೆನ್ಸಿಲು ಹಂಚಿದರೆ ಉಳಿದ ತರಗತಿಗಳ ಮಕ್ಕಳು ಕಿಟಕಿಯಲ್ಲಿ ನಿಂತು ನೋಡುತ್ತಾರೆ. ಅವರಲ್ಲಿ ಈ ಮಕ್ಕಳ ಅಣ್ಣ ತಮ್ಮಂದಿರೇ ಇರುತ್ತಾರೆ. ಮೂರನೆಯದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅದು ಹೊರಬಂದದ್ದು ಮಕ್ಕಳಿಂದ.

ಒಂದು ಮಧ್ಯಾಹ್ನ ನೋಟ್‌ಬುಕ್ ತಂದುಕೊಟ್ಟ ಹುಡುಗಿಯೊಬ್ಬಳು ಕೇಳಿದಳಂತೆ, ನೀವು ಹೋದ ಮೇಲೆ ಕೋಲು ವಾಪಸ್ ಬರುತ್ತಾ ಅಂತ. ಟಾಂಜಾನಿಯಾದ ಶಾಲೆಗಳಲ್ಲಿ ಬೆತ್ತಕ್ಕೆ ಕಾನೂನಿನ ನಿಷೇಧ ಇಲ್ಲ. ಯಾರು ಹೊಡೆಯಬಹುದು, ಎಷ್ಟು ಏಟು ಅನ್ನುವುದಕ್ಕೆ ನಿಯಮ ಇದೆ, ಅಷ್ಟೇ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದೆ. ಆದರೂ ಕೋಲು ಪೂರ್ತಿ ಹೋಗಿದೆ ಅಂತ ಎದೆ ಮುಟ್ಟಿ ಹೇಳುವ ಮೇಷ್ಟ್ರು ಎಷ್ಟು ಜನ? ನಮ್ಮ ವಿದ್ಯಾರ್ಥಿನಿಯ ಪೀರಿಯಡ್ಡಿನಲ್ಲಿ ಕೋಲು ಬೀರುವಿನ ಮೇಲೆ ಇರುತ್ತಿತ್ತು. ಸರಿ ಉತ್ತರಕ್ಕೆ ಇಡೀ ತರಗತಿ ಮೂರು ಚಪ್ಪಾಳೆ ಹೊಡೆಯುವುದು ಅಲ್ಲಿನದೇ ಪದ್ಧತಿ. ಅದನ್ನೇ ಅವಳು ಶಿಸ್ತಿಗೂ ಬಳಸಿಕೊಂಡಿದ್ದಳು. ಗಲಾಟೆ ಆದರೆ ಅವಳು ಮೂರು ತಟ್ಟುವುದು, ಮಕ್ಕಳು ತಿರುಗಿ ಮೂರು ತಟ್ಟಿ ಸುಮ್ಮನಾಗುವುದು.

ಅವಳು ಫೋನಿನಲ್ಲಿ ಅತ್ತಳು. ಹೊರಡುವ ಮೊದಲು ಮೆಂಟರ್ ಹತ್ತಿರ ಕೋಲಿನ ಬಗ್ಗೆ ನೇರವಾಗಿ ಮಾತಾಡಲೇ ಅಂತ ಕೇಳಿದಳು. ನಾನು ಬೇಡ ಅಂದೆ, ಈಗಲೂ ಅದೇ ಅನ್ನುತ್ತೇನೆ. ಹೊರಡುವವರು ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದರೆ ಕೇಳುವವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ತೀರುವುದು ಯಾರ ಮೇಲೆ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಬದಲು ಪಾಠ ಬೇಗ ವಾಪಸ್ ಕೊಡು ಅಂದೆ. ಚಪ್ಪಾಳೆ, ಗುಂಪಿನ ಲೀಡರುಗಳು, ಮಳೆಯ ಆಟ, ಎಲ್ಲವನ್ನೂ ಮೆಂಟರ್ ಟೀಚರ್ ತಾವೇ ನಡೆಸಲಿ, ನೀನು ಪಕ್ಕದಲ್ಲಿರು. ಒಂಟಿಯಾಗಿ ಮಾಡಿದರೆ ಅದು ಮುಂದೆಯೂ "ಆ ಅಮೆರಿಕದ ಟೀಚರಿನ ಆಟ" ಆಗಿಯೇ ಉಳಿಯುತ್ತದೆ.

ಹಾಗೇ ಮಾಡಿದರು. ಕೊನೆಯದಕ್ಕೆ ಮುಂಚಿನ ವಾರ 40 ನಿಮಿಷದ ಪೀರಿಯಡ್ಡಿನಲ್ಲಿ ಮುಂದೆ ನಿಂತವರು ಮೆಂಟರ್. ಹುಡುಗಿ ಓದು ಬಾರದ ಹತ್ತು ಹನ್ನೆರಡು ಮಕ್ಕಳನ್ನು ಹೊರಗೆ ಜಗುಲಿಯಲ್ಲಿ ಕೂರಿಸಿಕೊಂಡು ಸೋಡಾ ಬಾಟಲಿಯ ಮುಚ್ಚಳಗಳ ಮೇಲೆ ಬರೆದ ಅಕ್ಷರ ಜೋಡಿಸುತ್ತಿದ್ದಳು. ಕೊನೆಯ ವಾರ ಅವಳ ಕೆಲಸ ನೋಟ್‌ಬುಕ್ ತಿದ್ದುವುದು ಮಾತ್ರ. ಮೊದಮೊದಲು ಮಕ್ಕಳು ಮೆಂಟರ್ ಪಾಠ ಮಾಡುತ್ತಿದ್ದರೂ ತಿರುಗಿ ತಿರುಗಿ ಅವಳನ್ನೇ ನೋಡುತ್ತಿದ್ದರು. ಬುಧವಾರದ ಹೊತ್ತಿಗೆ ನೋಡುವುದು ಬಿಟ್ಟರು. "ಅವತ್ತು ನನಗೆ ತುಂಬಾ ನೋವಾಯಿತು" ಅಂತ ವರದಿಯಲ್ಲಿದೆ. ಮೇಲ್ವಿಚಾರಕಿಯಾಗಿ ಆ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸಾಲು ಅದೇ. ಮೆಂಟರ್ ಈಗಲೂ ಕೋಲು ಮುಟ್ಟಿಲ್ಲ ಅಂತ ನಾನು ಹೇಳಲಾರೆ. ಮೂರು ಚಪ್ಪಾಳೆ ಮಾತ್ರ ಮುಂದುವರಿದಿದೆ, ಅದನ್ನು ಅವರೇ ಬರೆದಿದ್ದಾರೆ.

ಮಾತು ಕೊಡುವ ವಿಷಯ

ಮಕ್ಕಳು ದಿನಾ ಕೇಳುತ್ತಿದ್ದ ಪ್ರಶ್ನೆ ಒಂದೇ: ಮತ್ತೆ ಯಾವಾಗ ಬರುತ್ತೀರಿ? ಶುರುವಿನಲ್ಲಿ ಅವಳು ಸುಮ್ನೆ "ಮುಂದಿನ ವರ್ಷ" ಅಂದುಬಿಡುತ್ತಿದ್ದಳು. ಎಲ್ಲರೂ ಅನ್ನುವುದು ಹಾಗೇ ಅಲ್ವಾ? ಅತ್ತೆ ಮನೆಯಿಂದ ಹೊರಡುವಾಗ ನಾವೂ "ಬರ್ತೀವಿ" ಅಂತಲೇ ಅನ್ನುತ್ತೇವೆ. ಆದರೆ ನಮ್ಮ "ಬರ್ತೀವಿ"ಯನ್ನು ಕೇಳಿದವರು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುವುದಿಲ್ಲ. ಇಲ್ಲಿ ಹುಡುಗನೊಬ್ಬ ಗುರುತು ಮಾಡಿಕೊಂಡಿದ್ದ. ಹಿಂದೆ ಬಂದಿದ್ದ ಟೀಚರೂ ಮುಂದಿನ ವರ್ಷ ಅಂದಿದ್ದರು, ಬರಲಿಲ್ಲ, ಅಂತ ಅವಳ ಮುಖಕ್ಕೇ ಹೇಳಿದ. ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸಿದ ಹಾಗೆ.

ಅವಳು ಮಾತು ಬದಲಿಸಿದಳು. ಹೊರಡುವ ತಾರೀಕನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಳು. ಕೇಳಿದವರಿಗೆಲ್ಲ ಒಂದೇ ಉತ್ತರ: ಬರಬೇಕು ಅಂತ ಆಸೆ ಇದೆ, ಬರಲು ಆಗುತ್ತೋ ಇಲ್ಲವೋ ಗೊತ್ತಿಲ್ಲ. ಒಪ್ಪುವುದು ಮಕ್ಕಳಿಗಿಂತ ದೊಡ್ಡವರಿಗೆ ಕಷ್ಟವಾಯಿತು. "ಹಾಗನ್ನಬಾರದು, ದೇವರ ಇಚ್ಛೆ ಇದ್ದರೆ ಬರ್ತೀನಿ ಅನ್ನು" ಅಂತ ಉಳಿದುಕೊಂಡಿದ್ದ ಮನೆಯ ಮಾಮ (ಸ್ವಾಹಿಲಿಯಲ್ಲಿ ಅಮ್ಮ, ಅಂದರೆ ಆ ಮನೆಯ ಒಡತಿ) ಗದರಿದರು.

ಇನ್ನೊಂದು ತೊಡಕು ಬಂತು. ಒಬ್ಬ ಹುಡುಗನ ಅಣ್ಣ ಗೇಟಿನ ಹತ್ತಿರ ಕಾದು ಚೀಟಿ ಕೊಟ್ಟ. ಫೋನ್ ನಂಬರು, ಕೆಳಗೆ ಸೆಕೆಂಡರಿ ಶಾಲೆಯ ಯೂನಿಫಾರ್ಮು, ಪುಸ್ತಕ, ಊಟದ ಖರ್ಚಿನ ಪಟ್ಟಿ. ಶುಲ್ಕ ಇಲ್ಲದಿದ್ದರೂ ಇವೆಲ್ಲ ಇದ್ದೇ ಇವೆ. ಒಬ್ಬರಿಗೇ ಹಣ ಕೊಡುವುದಾಗಲಿ ಕೊಡುತ್ತೇನೆ ಅನ್ನುವುದಾಗಲಿ ಕೂಡದು ಅಂತ ನಮ್ಮ ವಿಭಾಗದ ನಿಯಮ. ಎಂಬತ್ತು ಮಕ್ಕಳ ತರಗತಿಯಲ್ಲಿ ಟೀಚರ್ ಒಬ್ಬ ಹುಡುಗನಿಗೆ ಮಾತ್ರ ಹಣ ಕೊಟ್ಟರೆ ಉಳಿದವರ ಜೊತೆ ಅವನ ಸಂಬಂಧ ಏನಾಗುತ್ತದೆ ಅನ್ನುವುದು ಹೊರಗಿನಿಂದ ಬಂದವರಿಗೆ ಕಾಣುವುದಿಲ್ಲ. ಚೀಟಿಯನ್ನು ಅವಳು ಹೆಡ್ ಟೀಚರ್ ಕೈಗೆ ಕೊಟ್ಟಳು, ಹೆಡ್ ಟೀಚರಿಗೆ ಕೊಡುತ್ತೇನೆ ಅಂತ ಆ ಅಣ್ಣನಿಗೂ ಹೇಳಿಯೇ ಕೊಟ್ಟಳು. ನಿಯಮ ಸರಿ ಅಂತ ನನಗೆ ಗೊತ್ತು. ಆ ಅಣ್ಣನ ಜಾಗದಲ್ಲಿ ನಾನಿದ್ದರೆ ನಾನೂ ಚೀಟಿ ಕೊಡುತ್ತಿದ್ದೆ ಅನ್ನುವುದೂ ಗೊತ್ತು.

ಸಭೆ, ಮತ್ತು ಆ ಕಾಗದ

ಮುಖ್ಯ ಸಭೆ ಗುರುವಾರ ಮಧ್ಯಾಹ್ನ ಮರದಡಿ. ಪರೀಕ್ಷೆ ಶುಕ್ರವಾರವೇ ಶುರು, ಹಾಗಾಗಿ ಒಂದು ದಿನ ಮುಂಚೆ. ಟಾಂಜಾನಿಯಾದಲ್ಲಿ ಇಂಥ ಸಭೆಗೆ ಒಂದು ರೂಪ ಇದೆ. ಮುಖ್ಯ ಅತಿಥಿಯನ್ನು ಮುಂದೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಹಾಡು, ಕುಣಿತ, ಮಾತು ಆದ ಮೇಲೆ ರಿಸಾಲಾ ಓದುತ್ತಾರೆ. ಅದು ಅತಿಥಿಯನ್ನು ಉದ್ದೇಶಿಸಿ ಬರೆದ ಪತ್ರ. ಸ್ವಾಗತ, ಶಾಲೆಯ ಸಾಧನೆ, ಶಾಲೆಯ ಕಷ್ಟ, ಕೊನೆಗೆ ಬೇಡಿಕೆ. ಶಾಲೆಯ ಸಮಾರಂಭಕ್ಕೆ ಅಧಿಕಾರಿ ಬಂದರೂ ಅದೇ, ದಾನಿ ಬಂದರೂ ಅದೇ.

ಸಭೆಯಲ್ಲಿ ನೀನೂ ಮಾತಾಡಬೇಕು ಅಂತ ಮೆಂಟರ್ ಹಿಂದಿನ ದಿನವೇ ಹೇಳಿದ್ದರು. ಹುಡುಗಿ ಸ್ವಾಹಿಲಿಯಲ್ಲಿ ಅರ್ಧ ಪುಟ ಬರೆದು, ಮಾಮ ಹತ್ತಿರ ತಿದ್ದಿಸಿಕೊಂಡಿದ್ದಳು. ಅದರಲ್ಲಿದ್ದದ್ದು ಬರೀ ಧನ್ಯವಾದ. ಡೆಸ್ಕು, ಶೌಚಾಲಯ ಬಂದಾಗ ಅವಳ ಹತ್ತಿರ ಉತ್ತರ ಇರಲಿಲ್ಲ. ವಿಡಿಯೊದಲ್ಲಿ ಕಾಣುತ್ತದೆ: ಓದಿದ ಹುಡುಗಿ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಮಂಡಿ ಸ್ವಲ್ಪ ಬಾಗಿಸಿ ಕೊಡುತ್ತಾಳೆ. ನಮ್ಮ ಹುಡುಗಿ ಎದ್ದು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾಳೆ. ಮೆಂಟರ್ ಕಡೆ ನೋಡುತ್ತಾಳೆ. ಮೆಂಟರ್ ಮೆಲ್ಲಗೆ ತಲೆ ಆಡಿಸುತ್ತಾರೆ. ಆಮೇಲೆ ಬರೆದುಕೊಂಡಿದ್ದನ್ನು ಬದಿಗಿಟ್ಟು ತಡವರಿಸುತ್ತ ನಾಲ್ಕು ಮಾತು ಹೇಳುತ್ತಾಳೆ: ಕೇಳಿಸಿಕೊಂಡಿದ್ದೇನೆ. ನಾನು ವಿದ್ಯಾರ್ಥಿ, ಡೆಸ್ಕು ಕೊಡಿಸುವ ಶಕ್ತಿ ನನಗಿಲ್ಲ. ಈ ಪತ್ರವನ್ನು ನನ್ನ ಕಾಲೇಜಿಗೆ ಒಪ್ಪಿಸುತ್ತೇನೆ. ಆಮೇಲೆ ಧನ್ಯವಾದದ ಅರ್ಧ ಪುಟ.

ಚಪ್ಪಾಳೆ ಮೊದಲಿನಷ್ಟೇ ಜೋರಾಗಿತ್ತು. ಹೆಂಗಸರು ನಾಲಿಗೆ ಹೊರಳಿಸಿ ಕೂಗು ಹಾಕಿದರು. ಯಾರ ಮುಖವೂ ಬಾಡಲಿಲ್ಲ.

ಬಾಡಿದ್ದು ಅವಳದೇ. ಆ ರಾತ್ರಿ ಫೋನು. "ಇಷ್ಟು ದಿನ ಪ್ರೀತಿ ತೋರಿಸಿದ್ದು ಇದಕ್ಕಾ?" ಅಂತ ಕೇಳಿದಳು. ನಾನು ಅವಳಿಗೆ ನಮ್ಮೂರಿನ ಶಾಲೆಯ ವಾರ್ಷಿಕೋತ್ಸವದ ಕಥೆ ಹೇಳಿದೆ. ಶಾಸಕರು ಬರುತ್ತಾರೆ. ಹಾರ, ಶಾಲು, ಪೇಟ, ಬಿನ್ನವತ್ತಳೆ. ಅದರಲ್ಲಿ ಅವರು ಕಲಿಯುಗದ ಕರ್ಣ. ಅದಾದ ಐದು ನಿಮಿಷಕ್ಕೆ ಎಸ್‌ಡಿಎಂಸಿ ಅಧ್ಯಕ್ಷರು ಕಾಂಪೌಂಡು ಗೋಡೆಯ ಮನವಿ ಪತ್ರ ಕೈಗಿಡುತ್ತಾರೆ. ಹಾರ ಹಾಕಿದ್ದೂ ಸುಳ್ಳಲ್ಲ, ಗೋಡೆ ಕೇಳಿದ್ದೂ ತಪ್ಪಲ್ಲ. ಕೇಳುವುದು ಕೊಡುವ ಯೋಗ್ಯತೆ ಇರುವವರನ್ನು. ನಿನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ ದೊಡ್ಡವಳನ್ನಾಗಿ ಮಾಡಿದ್ದಾರೆ, ಅದು ಮರ್ಯಾದೆ.

ಇಷ್ಟು ಹೇಳಿ ಅವಳನ್ನು ಸಮಾಧಾನ ಮಾಡಿದೆ. ಆದರೆ ಬರೆಯುವಾಗ ಇನ್ನೊಂದು ಮಾತೂ ಹೇಳಬೇಕು. ಬರೀ ಸಂಪ್ರದಾಯ ಅಂತ ಹೇಳಿ ಮುಗಿಸಿದರೆ ಅರ್ಧ ಸತ್ಯ. ಮೋಶಿಗೆ ಬಂದುಹೋದವರಲ್ಲಿ ಕೆಲವರು ಊರಿಗೆ ಹೋಗಿ ಹಣ ಕೂಡಿಸಿ ಕಳಿಸಿದ್ದಾರೆ. ಕೋಣೆ ಕಟ್ಟಿಸಿದವರೂ ಇದ್ದಾರೆ. ಶಾಲೆ ಅದನ್ನು ಮರೆಯುವುದಿಲ್ಲ, ಮರೆಯಲೂ ಬಾರದು. ನಾಲ್ವರು ಕೂರುವ ಡೆಸ್ಕು ನಿಜ. ಅಮೆರಿಕದ ಪಾಸ್‌ಪೋರ್ಟಿನವಳು ಬಡವಿ ಅಂದರೆ ಅಲ್ಲಿ ಯಾರೂ ನಂಬುವುದಿಲ್ಲ, ವಿಮಾನದ ಟಿಕೆಟ್ಟೇ ಅವಳ ವಿರುದ್ಧ ಸಾಕ್ಷಿ. ಅವಳ ಉತ್ತರ ಒಳ್ಳೆಯದಾಗಿದ್ದು ಎರಡನ್ನೂ ಅಲ್ಲಗಳೆಯದೆ ಇದ್ದದ್ದರಿಂದ. ನೋಡೋಣ ಅನ್ನಲಿಲ್ಲ, ಪ್ರಯತ್ನ ಮಾಡುತ್ತೇನೆ ಅನ್ನಲಿಲ್ಲ. ಆಗದ್ದನ್ನು ಆಗದು ಅಂದಳು, ಆಗುವುದನ್ನು ಹೇಳಿದಳು.

ಉಡುಗೊರೆ, ಫೋಟೊ

ಪೆನ್ಸಿಲಿನ ಆಸೆ ಬಿಟ್ಟು ಅವಳು ಶಾಲೆಯ ಆಫೀಸಿಗೆ ಸೀಮೆಸುಣ್ಣದ ಪೆಟ್ಟಿಗೆಗಳು, ಮನಿಲಾ ಹಾಳೆ, ಮಾರ್ಕರ್, ಒಂದು ಫುಟ್‌ಬಾಲ್ ಕೊಟ್ಟಳು. ಮಕ್ಕಳು ತಂದದ್ದು ಬೆಣ್ಣೆಹಣ್ಣು, ಮೊಟ್ಟೆ, ಬಾಳೆಹಣ್ಣು, ಕಬ್ಬಿನ ತುಂಡು. ಮೊಟ್ಟೆಯನ್ನು ತೆಗೆದುಕೊಳ್ಳಬೇಕೋ ಬೇಡವೋ ಅಂತ ಅವಳಿಗೆ ಗೊಂದಲ. ಬಡ ಮನೆಯ ಮೊಟ್ಟೆ. ತೆಗೆದುಕೊಳ್ಳದಿದ್ದರೆ ಇನ್ನೂ ಕೆಟ್ಟದ್ದು ಅಂತ ಮಾಮ ಹೇಳಿದರು. ಅವೇ ಮೊಟ್ಟೆ ಬೇಯಿಸಿ, ಪಿಲಾವ್ ಮಾಡಿ, ಆ ರಾತ್ರಿ ಟೀಚರುಗಳನ್ನೂ ಊಟಕ್ಕೆ ಕರೆದರು.

ಫೋಟೊ ವಿಷಯದಲ್ಲಿ ಸ್ವಲ್ಪ ಜಗ್ಗಾಟ ಆಯಿತು. ಮಕ್ಕಳು ಅವಳನ್ನು ಮುತ್ತಿಕೊಂಡ ಚಿತ್ರ ಹಾಕಿ ಇನ್‌ಸ್ಟಾಗ್ರಾಮಿನಲ್ಲಿ ಧನ್ಯವಾದ ಹೇಳಬೇಕು ಅಂತ ಅವಳ ಆಸೆ. ತಂದೆತಾಯಿಯ ಒಪ್ಪಿಗೆ ಇಲ್ಲದೆ ಆಗುವುದಿಲ್ಲ ಅಂದೆ. ಅವಳ ಊರಿನ ಶಾಲೆಯಲ್ಲಾಗಿದ್ದರೆ ಹಾಕುವ ಯೋಚನೆಯನ್ನೇ ಮಾಡುತ್ತಿರಲಿಲ್ಲ, ಕೆಲಸ ಹೋಗುತ್ತಿತ್ತು. ಇಲ್ಲಿ ಮಾತ್ರ ಯಾಕೆ ಬೇರೆ? ಕೊನೆಗೆ ಮೋಶಿಯ ಸ್ಟುಡಿಯೊದಲ್ಲಿ ತರಗತಿಯ ಒಂದು ದೊಡ್ಡ ಫೋಟೊ ಪ್ರಿಂಟ್ ಹಾಕಿಸಿ ಶಾಲೆಗೆ ಕೊಟ್ಟಳು. ನಡುವೆ ಕೂತಿರುವುದು ಮೆಂಟರ್ ಟೀಚರ್. ಹುಡುಗಿ ಕೊನೆಯ ಸಾಲಿನಲ್ಲಿ.

ಆಮೇಲೆ

ಎರಡು ತರಗತಿಗಳ ನಡುವೆ ಪತ್ರ ನಡೆಸೋಣ ಅಂತ ಮಾತಾಗಿತ್ತು. ಅವಳಿಗೆ ಕೆಲಸ ಸಿಕ್ಕ ಶಾಲೆಯಿಂದ ಒಂದು ಕಟ್ಟು ಹೋಯಿತು, ಅಲ್ಲಿಂದ ಒಂದು ಕಟ್ಟು ಬಂತು. ಆಮೇಲೆ ನಿಂತಿತು. ಎಂಬತ್ತು ಪತ್ರ ತಿದ್ದಿಸಿ ಅಂಚೆಗೆ ಹಾಕುವ ಕೆಲಸ ಮೆಂಟರ್ ತಲೆಗೆ ಬಿದ್ದಿತ್ತು. ನಿಂತದ್ದೇ ಒಳ್ಳೆಯದು ಅಂತ ನನ್ನ ಅನಿಸಿಕೆ, ಹುಡುಗಿಗೆ ಹಾಗನಿಸಿಲ್ಲ. ಈಗ ಅವಳು ಮತ್ತು ಮೆಂಟರ್ ಇಬ್ಬರೇ ಆಗಾಗ ವಾಟ್ಸಾಪಿನಲ್ಲಿ ಮಾತಾಡುತ್ತಾರೆ, ಹೆಚ್ಚಾಗಿ ಪಾಠದ ಬಗ್ಗೆ.

ರಿಸಾಲಾ ನಮ್ಮ ವಿಭಾಗಕ್ಕೆ ಬಂತು. ಅದರಿಂದ ಡೆಸ್ಕು ಬರಲಿಲ್ಲ. ಆದರೆ ವಿಭಾಗದ ಸಭೆಯಲ್ಲಿ ಅದನ್ನು ಓದಿದಾಗ ಒಂದು ವಿಷಯ ಎದ್ದಿತು: ಮೆಂಟರ್ ಟೀಚರಿಗೆ ನಾವು ಗೌರವಧನ ಕೊಡುತ್ತೇವೆ, ಎಂಟು ವಾರ ಜಾಗ ಕೊಟ್ಟ ಶಾಲೆಗೆ ಏನೂ ಇಲ್ಲ. ಈಗ ಶಾಲೆಯ ಖಾತೆಗೂ ಒಂದು ಸಣ್ಣ ಮೊತ್ತ ಹೋಗುತ್ತದೆ. ಯಾವುದಕ್ಕೆ ಬಳಸಬೇಕು ಅಂತ ಶಾಲೆಯೇ ನಿರ್ಧಾರ ಮಾಡುತ್ತದೆ. ಇದರಿಂದ ಮುಂದೆ ಹೋಗುವವರು ಬರಿಗೈಯಲ್ಲಿ ಕುರ್ಚಿಯ ಮೇಲೆ ಕೂರುವ ಮುಜುಗರ ತಪ್ಪುತ್ತದೆ, ಪೂರ್ತಿ ಅಲ್ಲದಿದ್ದರೂ ಸ್ವಲ್ಪ.

ಹೆಡ್ ಟೀಚರ್ ಕೇಳಿಕೊಂಡದ್ದು ಬೇರೆ. ಇನ್ನು ಮೇಲೆ ಮೇ ತಿಂಗಳಲ್ಲಿ ಮುಗಿಯುವ ಹಾಗೆ ಯಾರನ್ನೂ ಕಳಿಸಬೇಡಿ, ಟರ್ಮ್ ನಡುವೆ ಟೀಚರ್ ಬಿಟ್ಟುಹೋದರೆ ಮಕ್ಕಳು ಪರೀಕ್ಷೆಯಲ್ಲಿ ಮನಸ್ಸಿಡುವುದಿಲ್ಲ. ಅಕ್ಟೋಬರಿನಲ್ಲಿ ಬಂದು ಡಿಸೆಂಬರಿನಲ್ಲಿ ಹೋಗಲಿ. ಅಲ್ಲಿ ಶಾಲೆಯ ವರ್ಷ ಮುಗಿಯುವುದೇ ಡಿಸೆಂಬರ್ ಮೊದಲಲ್ಲಿ. ಜನವರಿಯಲ್ಲಿ ಹೇಗೂ ಮಕ್ಕಳು ಮುಂದಿನ ತರಗತಿಗೆ, ಹೊಸ ಟೀಚರ್ ಹತ್ತಿರ ಹೋಗುತ್ತಾರೆ. ನಮ್ಮ ಸೆಮಿಸ್ಟರಿಗೂ ಅದು ಹೊಂದುತ್ತದೆ. ಒಂದೇ ತೊಂದರೆ, ಅಕ್ಟೋಬರ್ ಕೊನೆಯ ಹೊತ್ತಿಗೆ ನಾಲ್ಕನೇ ತರಗತಿಗೆ ರಾಷ್ಟ್ರಮಟ್ಟದ ಪರೀಕ್ಷೆ ಇರುತ್ತದೆ. ಅದಕ್ಕೆ ಮುಂದಿನ ಸಲ ಹೋಗುವವರಿಗೆ ಮೂರನೇ ತರಗತಿ ಕೊಡುವುದು ಅಂತ ತೀರ್ಮಾನವಾಗಿದೆ.